ಒಂದು ಬಾಟಲಿ, ಎರಡು ಪ್ರಶ್ನೆ

ಪೋಸ್ಟ್ 1/8: ಗೇಟ್ ಹತ್ರ ಊದೋದು

ಫೋಟೋದಲ್ಲಿರೋದು ನಮ್ಮಪ್ಪನ ಕೈ. ಕೈಯಲ್ಲಿರೋದು ಗಾಡಿ ಕೀ. ಟೈಮು ಬೆಳಗ್ಗೆ 4:40, ಜಾಗ ಸೋಲದೇವನಹಳ್ಳಿಯ ನಮ್ಮನೆ ಬಾಗಿಲು.

ಅಪ್ಪ ಒಂದು ಕಂಪನಿಯ ಸ್ಟಾಫ್‌ನ ಪಿಕಪ್ ಡ್ರಾಪ್ ಮಾಡೋ ಗಾಡಿ ಓಡಿಸ್ತಾರೆ. ಶಿಫ್ಟ್ ಶುರು ಆಗೋ ಮುಂಚೆ ಗೇಟ್ ಹತ್ರ ಮಿಷನ್‌ಗೆ ಊದಬೇಕು. ಸೊನ್ನೆ ಬಂದ್ರೆ ಕೀ ಕೊಡ್ತಾರೆ. ಎಷ್ಟೋ ವರ್ಷದಿಂದ ಸೊನ್ನೆನೇ ಬಂದಿದೆ. ನಮ್ಮಪ್ಪ ಮದುವೆ ಮನೇಲೂ ಸ್ಪ್ರೈಟ್ ಕುಡಿಯೋ ಪಾರ್ಟಿ.

ಈ ಸಲ ಚಳೀಲಿ ಅವರಿಗೆ ಕೆಮ್ಮು ಹಿಡ್ಕೊಳ್ತು. ಒಂದು ದಿನ ಗೇಟ್ ಹತ್ರ ನಿಂತ್ಕೊಂಡೇ ಸಿರಪ್ ಕುಡಿದು, ಎರಡು ನಿಮಿಷ ಬಿಟ್ಟು ಊದಿದ್ದಾರೆ. ಮಿಷನ್ ಕೂಗ್ತು. ಅಪ್ಪ ಬಾಟಲಿ ತೋರಿಸಿದ್ರು. "ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ ಊದ್ತೀನಿ ಸರ್" ಅಂದ್ರು. "ಹಾಗೆಲ್ಲ ರೂಲ್ಸ್ ಇಲ್ಲ, ಮನೆಗೆ ಹೋಗಿ" ಅಂದ್ರಂತೆ. ಆ ದಿನದ ಸಂಬಳ ಕಟ್. ಅದು ಹೋದ್ರೆ ಹೋಗ್ಲಿ. ಆದ್ರೆ ಹಿಂದೆ ಲೈನ್‌ನಲ್ಲಿ ನಿಂತಿದ್ದ ಹತ್ತು ಜನ ನೋಡಿದ್ರಲ್ಲ, ಅದನ್ನ ಅಪ್ಪ ಇವತ್ತಿಗೂ ಮರೆತಿಲ್ಲ.

ಅವತ್ತು ರಾತ್ರಿ ನಾನು ಹುಡುಕೋಕೆ ಕೂತೆ. ಕೆಲಸದ ಜಾಗದಲ್ಲಿ ಹೀಗೆ ಊದಿಸೋದು, ಮೂತ್ರ ಟೆಸ್ಟ್ ಮಾಡೋದು ಯಾವಾಗ ಶುರು ಆಯ್ತು? ಎಲ್ಲಕ್ಕಿಂತ ಸ್ಟ್ರಿಕ್ಟ್ ಎಲ್ಲಿ? ಉತ್ತರ ಅಮೆರಿಕದ ಅಣು ವಿದ್ಯುತ್ ಸ್ಥಾವರಗಳ ಕಡೆ ಕರ್ಕೊಂಡು ಹೋಯ್ತು. ಆದ್ರೆ ದಾರೀಲಿ ನಮ್ಮ ಕರ್ನಾಟಕದ್ದೇ ಒಂದು ಕಥೆ ಸಿಕ್ತು. ಮೊದಲು ಅದನ್ನ ಹೇಳ್ತೀನಿ.


ಪೋಸ್ಟ್ 2/8: ಕೈಗಾ, ನವೆಂಬರ್ 2009

ಫೋಟೋ: ಕಾಳಿ ನದಿ. ಹೋದ ವರ್ಷ ಕಾರವಾರ ಟ್ರಿಪ್‌ನಲ್ಲಿ ಬಸ್ ಕಿಟಕಿಯಿಂದ ತೆಗೆದದ್ದು, ಸ್ವಲ್ಪ ಬ್ಲರ್ ಇದೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಇದೇ ನದಿ ದಂಡೆ ಮೇಲೆ, ಕದ್ರಾ ಅಣೆಕಟ್ಟಿನ ಹತ್ರ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ಉತ್ತರ ಕನ್ನಡ ಜಿಲ್ಲೆ, ಕಾರವಾರ ತಾಲ್ಲೂಕು. 220 ಮೆಗಾವ್ಯಾಟ್‌ನ ನಾಲ್ಕು ಘಟಕ. ಮೊದಲು ಶುರುವಾದ ಎರಡು ಘಟಕ 2000ನೇ ಇಸವಿಯವು, ಅಂದ್ರೆ ನನಗಿಂತ ದೊಡ್ಡವು.

ಇಲ್ಲಿನ ರಿಯಾಕ್ಟರ್‌ಗಳಲ್ಲಿ ಮಾಮೂಲಿ ನೀರಲ್ಲ, ಭಾರಜಲ ಬಳಸ್ತಾರೆ. ರಿಯಾಕ್ಟರ್ ಓಡ್ತಾ ಓಡ್ತಾ ಆ ನೀರಲ್ಲಿ ಟ್ರಿಟಿಯಂ ಅನ್ನೋ ವಿಕಿರಣ ಸೂಸೋ ವಸ್ತು ಹುಟ್ಟುತ್ತೆ. ಅದೂ ಒಂಥರ ಹೈಡ್ರೋಜನ್ನೇ. ಹಾಗಾಗಿ ನೀರಿನ ಜೊತೆ ನೀರಾಗಿ ಸೇರ್ಕೊಳ್ಳುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಚರ್ಮದ ಹೊರಗಿದ್ರೆ ಹೆಚ್ಚು ತೊಂದರೆ ಇಲ್ಲ, ಅದರ ಕಿರಣಕ್ಕೆ ಚರ್ಮ ದಾಟೋ ಶಕ್ತಿ ಇಲ್ಲ. ಒಳಗೆ ಹೋದ್ರೆ ಮಾತ್ರ ಕಷ್ಟ. ಅದಕ್ಕೇ ಇಲ್ಲಿ ಕೆಲಸ ಮಾಡೋರು ಆಗಾಗ ಮೂತ್ರದ ಸ್ಯಾಂಪಲ್ ಕೊಡಬೇಕು. ಅದು ಅಲ್ಲಿನ ದಿನಚರಿ, ನಮ್ಮ ಕಾಲೇಜಿನ ಅಟೆಂಡೆನ್ಸ್ ಇದ್ದ ಹಾಗೆ.

2009ರ ನವೆಂಬರ್. ಒಂದನೇ ಘಟಕ ಮೇಂಟೆನೆನ್ಸ್‌ಗೆ ಅಂತ ನಿಂತಿತ್ತು. ನವೆಂಬರ್ 24ರ ಹೊತ್ತಿಗೆ ಲ್ಯಾಬ್‌ನಲ್ಲಿ ಕೆಲವರ ಸ್ಯಾಂಪಲ್‌ನಲ್ಲಿ ಟ್ರಿಟಿಯಂ ಜಾಸ್ತಿ ಕಾಣಿಸ್ತು. ಒಬ್ಬರಲ್ಲ, ಇಬ್ಬರಲ್ಲ, ಸುಮಾರು 55 ಜನರದ್ದು. ಪೈಪ್ ಸೋರಿದೆಯಾ ಅಂತ ನೋಡಿದ್ರೆ ಸೋರಿಲ್ಲ. ಗಾಳಿ ಸರಿ ಇದೆ. ಹುಡುಕ್ತಾ ಹೋದ್ರೆ ಸಿಕ್ಕಿದ್ದು ಕುಡಿಯೋ ನೀರಿನ ಕೂಲರ್.

ಹೌದು, ವಾಟರ್ ಕೂಲರ್. ಟ್ಯಾಂಕ್‌ಗೆ ಬೀಗ ಹಾಕಿತ್ತು. ಹೆಚ್ಚಾದ ನೀರು ಹೊರಗೆ ಹೋಗೋಕೆ ಅಂತ ಇರೋ ಪೈಪ್ ಮೂಲಕ ಯಾರೋ ಟ್ರಿಟಿಯಂ ಇರೋ ಭಾರಜಲವನ್ನ ಒಳಗೆ ಸೇರಿಸಿದ್ರು ಅನ್ನೋದು ಅಧಿಕಾರಿಗಳು ಕೊಟ್ಟ ವಿವರಣೆ. ಆಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ಅನಿಲ್ ಕಾಕೋಡ್ಕರ್. ಇದು ಒಳಗಿನವರದ್ದೇ ಕಿಡಿಗೇಡಿತನ ಅಂತ ಸರ್ಕಾರದ ಕಡೆಯಿಂದ ಮಾತು ಬಂತು. ನವೆಂಬರ್ 29ರ ಹೊತ್ತಿಗೆ ದೇಶಕ್ಕೆಲ್ಲ ಸುದ್ದಿ ಗೊತ್ತಾಗಿತ್ತು.


ಪೋಸ್ಟ್ 3/8: ಆ ಬಾಟಲಿ ಮಾಡಿದ ಕೆಲಸ

ಈಗ ಒಂದು ನಿಮಿಷ ಯೋಚ್ನೆ ಮಾಡಿ. ಆ ನೀರು ಕುಡಿದವರಿಗೆ ರುಚಿಯಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಹೊಟ್ಟೆನೋವಿಲ್ಲ, ಜ್ವರ ಇಲ್ಲ. ಮೂತ್ರದ ಟೆಸ್ಟ್ ಅನ್ನೋದು ಇಲ್ದೇ ಇದ್ದಿದ್ರೆ ಅವರೆಲ್ಲ ಮಾರನೇ ದಿನವೂ ಅದೇ ಕೂಲರ್ ಹತ್ರ ಹೋಗಿ ಬಾಟಲಿ ತುಂಬಿಸ್ಕೋತಿದ್ರು.

ಟೆಸ್ಟ್ ಇದ್ದಿದ್ದರಿಂದ ಕೂಲರ್ ಸಿಕ್ತು, ಚಿಕಿತ್ಸೆ ಶುರುವಾಯ್ತು. ಚಿಕಿತ್ಸೆ ಕೇಳಿದ್ರೆ ಆಶ್ಚರ್ಯ ಆಗುತ್ತೆ: ಜಾಸ್ತಿ ನೀರು ಕುಡಿಯೋದು, ಮೂತ್ರ ಹೆಚ್ಚು ಹೋಗೋ ಔಷಧಿ ತಗೊಳ್ಳೋದು. ಟ್ರಿಟಿಯಂ ಅರ್ಧಕ್ಕಿಳಿಯೋಕೆ 12 ವರ್ಷದ ಮೇಲೆ ಬೇಕು, ಆದ್ರೆ ನಮ್ಮ ದೇಹ ಅದನ್ನ ಅಷ್ಟು ದಿನ ಇಟ್ಕೊಳ್ಳಲ್ಲ. ಸುಮಾರು ಹತ್ತು ದಿನಕ್ಕೆ ಅರ್ಧ ಹೊರಗೆ ಹೋಗುತ್ತೆ. ನೀರು ಹೆಚ್ಚು ಕುಡಿದ್ರೆ ಇನ್ನೂ ಬೇಗ.

ಭಾರತದಲ್ಲಿ ವಿಕಿರಣದ ಕೆಲಸ ಮಾಡೋರಿಗೆ ಒಂದು ವರ್ಷಕ್ಕೆ ಗರಿಷ್ಠ ಮಿತಿ 30 ಮಿಲಿಸೀವರ್ಟ್. ಆ 55 ಜನರಲ್ಲಿ ಇಬ್ಬರು ಮಾತ್ರ ಈ ಮಿತಿ ದಾಟಬಹುದು ಅಂತ ಆಗ ಅಂದಾಜು ಮಾಡಿದ್ರು.

ನಾನು ಇದನ್ನ ಓದ್ತಾ ನಿಂತಿದ್ದು ಇಲ್ಲಿ. ಕೈಗಾದ ಬಾಟಲಿ ಕೇಳ್ತಿದ್ದ ಪ್ರಶ್ನೆ: "ನಿನಗೆ ಏನಾದ್ರೂ ತೊಂದರೆ ಆಗಿದೆಯಾ?" ಅದು ಕುಡಿತ ಹುಡುಕೋ ಟೆಸ್ಟ್ ಅಲ್ಲ, ಗಾಂಜಾ ಹುಡುಕೋದೂ ಅಲ್ಲ. ಕೆಲಸಗಾರರನ್ನ ಕೆಲಸದಿಂದ ಕಾಪಾಡೋಕೆ ಇದ್ದ ಟೆಸ್ಟ್.

ನಮ್ಮಪ್ಪ ಊದೋ ಮಿಷನ್ ಕೇಳೋ ಪ್ರಶ್ನೆ ಬೇರೆ: "ನೀನು ಏನಾದ್ರೂ ತಪ್ಪು ಮಾಡಿದೀಯಾ?"

ಎರಡೂ ಬೇಕಾದ ಪ್ರಶ್ನೆಗಳೇ. ಆದ್ರೆ ಕೇಳಿಸಿಕೊಳ್ಳೋರಿಗೆ ಎರಡೂ ಒಂದೇ ಥರ ಇರಲ್ಲ. ಕೈಗಾದಲ್ಲೂ ಒಳಗಿನವರದ್ದೇ ಕೆಲಸ ಅಂದ ತಕ್ಷಣ ಮೊದಲ ಪ್ರಶ್ನೆ ಎರಡನೇ ಪ್ರಶ್ನೆ ಆಗಿಬಿಡ್ತು. ಅಲ್ಲಿ ಕೆಲಸ ಮಾಡೋರು ತೊಂದರೆಗೆ ಒಳಗಾದವರೂ ಹೌದು, ಅನುಮಾನಕ್ಕೆ ಒಳಗಾದವರೂ ಹೌದು.

ಈ ಎರಡನೇ ಪ್ರಶ್ನೆ ಹುಟ್ಟಿದ್ದು ಎಲ್ಲಿ? ಮುಂದಿನ ಪೋಸ್ಟ್‌ನಲ್ಲಿ ಅಮೆರಿಕಕ್ಕೆ ಹೋಗೋಣ.


ಪೋಸ್ಟ್ 4/8: ಸೈನಿಕರು, ಹಡಗು, ರೈಲು

ಫೋಟೋ: ನನ್ನ ನೋಟ್ಸ್. ಆಡಿಟಿಂಗ್ ಬುಕ್‌ನ ಹಿಂದಿನ ಪುಟದಲ್ಲಿ ಬರೆದ ಟೈಮ್‌ಲೈನ್. ಮೇಡಂ ಇದನ್ನ ನೋಡ್ತಿದ್ರೆ ಸಾರಿ.

ಮೊದಲು ಊದೋ ಮಿಷನ್. 1954ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಪೊಲೀಸ್ ಇಲಾಖೆಯಲ್ಲಿದ್ದ ರಾಬರ್ಟ್ ಬೋರ್ಕೆನ್‌ಸ್ಟೀನ್ ಬ್ರೆಥಲೈಸರ್ ಕಂಡುಹಿಡಿದರು. ಅದು ರಸ್ತೆಗೆ ಅಂತ ಬಂದಿದ್ದು.

1971: ವಿಯೆಟ್ನಾಂ ಯುದ್ಧದಿಂದ ವಾಪಸ್ ಬರೋ ಸೈನಿಕರಲ್ಲಿ ಹೆರಾಯಿನ್ ಚಟ ಹೆಚ್ಚಾಗಿದೆ ಅಂತ ಗಲಾಟೆ ಆಯ್ತು. ಅಧ್ಯಕ್ಷ ನಿಕ್ಸನ್ ಸರ್ಕಾರ ವಿಮಾನ ಹತ್ತೋ ಮುಂಚೆ ಮೂತ್ರ ಪರೀಕ್ಷೆ ಕಡ್ಡಾಯ ಮಾಡ್ತು. ಪಾಸಿಟಿವ್ ಬಂದ್ರೆ ಮನೆಗೆ ಹೋಗೋದು ತಡ, ಮೊದಲು ಚಟ ಬಿಡಿಸೋ ಚಿಕಿತ್ಸೆ.

1981 ಮೇ 26: ನಿಮಿಟ್ಜ್ ಅನ್ನೋ ಯುದ್ಧನೌಕೆ ಮೇಲೆ ರಾತ್ರಿ ಇಳೀತಿದ್ದ ವಿಮಾನ ಅಪ್ಪಳಿಸಿ 14 ಜನ ಸತ್ತರು. ಸತ್ತವರಲ್ಲಿ ಡೆಕ್ ಮೇಲಿದ್ದ ಕೆಲವರ ದೇಹದಲ್ಲಿ ಗಾಂಜಾದ ಅಂಶ ಸಿಕ್ತು. ದೊಡ್ಡ ಸುದ್ದಿ. ಆ ವರ್ಷ ಮುಗಿಯೋದ್ರೊಳಗೆ ಸೇನೆಯಲ್ಲಿ ಪರೀಕ್ಷೆ ಬಿಗಿಯಾಯ್ತು. ಆದ್ರೆ ಇಲ್ಲೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ: ವಿಮಾನ ಓಡಿಸ್ತಿದ್ದ ಪೈಲಟ್‌ನ ದೇಹದಲ್ಲೂ ಒಂದು ಔಷಧಿ ಮಿತಿ ಮೀರಿ ಸಿಕ್ಕಿತ್ತು. ಅದು ನೆಗಡಿಗೆ ತಗೊಳ್ಳೋ ಔಷಧಿ! ಅದರ ಬಗ್ಗೆ ಅಷ್ಟು ಗಲಾಟೆ ಆಗ್ಲಿಲ್ಲ.

1986 ಸೆಪ್ಟೆಂಬರ್: ಅಧ್ಯಕ್ಷ ರೇಗನ್ ಕೇಂದ್ರ ಸರ್ಕಾರದ ಕಚೇರಿಗಳೆಲ್ಲ ಡ್ರಗ್ಸ್ ಮುಕ್ತ ಆಗಬೇಕು ಅಂತ ಆದೇಶ ಹೊರಡಿಸಿದ್ರು.

1987 ಜನವರಿ 4: ಮೇರಿಲ್ಯಾಂಡ್‌ನ ಚೇಸ್ ಅನ್ನೋ ಊರಲ್ಲಿ ಪ್ಯಾಸೆಂಜರ್ ಟ್ರೇನ್ ಒಂದು ಸಿಗ್ನಲ್ ದಾಟಿ ಬಂದು ನಿಂತಿದ್ದ ಎಂಜಿನ್‌ಗಳಿಗೆ ಗುದ್ದಿ 16 ಜನ ಸತ್ತರು. ಆ ಎಂಜಿನ್‌ಗಳಲ್ಲಿದ್ದ ಇಬ್ಬರು ಸಿಬ್ಬಂದಿ ಗಾಂಜಾ ಸೇದಿದ್ದರು. ಇದಾದ ಮೇಲೆ ರೈಲು, ಲಾರಿ, ವಿಮಾನ ಎಲ್ಲ ಕಡೆ ಟೆಸ್ಟ್ ಬೇಕು ಅನ್ನೋ ಕೂಗು ಎದ್ದು, 1991ರಲ್ಲಿ ಕಾನೂನೇ ಬಂತು.

ಒಂದು ಪ್ಯಾಟರ್ನ್ ಗಮನಿಸಿದ್ರಾ? ಪ್ರತಿ ನಿಯಮದ ಹಿಂದೆ ಹೆಣಗಳಿವೆ. ಹಾಗಾಗಿ "ಸುಮ್ಸುಮ್ನೆ ಟೆಸ್ಟ್ ಮಾಡ್ತಾರೆ" ಅನ್ನೋಕೆ ಆಗಲ್ಲ.


ಪೋಸ್ಟ್ 5/8: ಕಂಟ್ರೋಲ್ ರೂಂನಲ್ಲಿ ನಿದ್ದೆ

ಅಣು ಸ್ಥಾವರದ ಕಥೆಗೆ ಬರೋಣ. ಇಲ್ಲಿನ ಕಥೆ ಸ್ವಲ್ಪ ಬೇರೆ.

1987 ಮಾರ್ಚ್ 31. ಪೆನ್ಸಿಲ್ವೇನಿಯಾದ ಪೀಚ್ ಬಾಟಮ್ ಅಣು ಸ್ಥಾವರವನ್ನ ಅಮೆರಿಕದ ಅಣು ನಿಯಂತ್ರಣ ಆಯೋಗ ಬಂದ್ ಮಾಡಿಸ್ತು. ಕಾರಣ: ಕಂಟ್ರೋಲ್ ರೂಂನಲ್ಲಿ ಆಪರೇಟರ್‌ಗಳು ಡ್ಯೂಟಿ ಟೈಮ್‌ನಲ್ಲಿ ನಿದ್ದೆ ಹೊಡೀತಿದ್ರು. ವಿಡಿಯೋ ಗೇಮ್ ಆಡ್ತಿದ್ರು, ರಬ್ಬರ್ ಬ್ಯಾಂಡ್ ಎಸೆದಾಡ್ತಿದ್ರು. ನಮ್ಮ ಲಾಸ್ಟ್ ಬೆಂಚ್ ನೆನಪಾಯ್ತು ನನಗೆ! ಆದ್ರೆ ಎದುರಿಗಿದ್ದಿದ್ದು ಬೋರ್ಡ್ ಅಲ್ಲ, ರಿಯಾಕ್ಟರ್. ಸ್ಥಾವರ ಮತ್ತೆ ಶುರುವಾಗೋಕೆ ಎರಡು ವರ್ಷ ಬೇಕಾಯ್ತು.

ಎರಡು ವರ್ಷದ ನಂತರ, 1989ರ ಜೂನ್‌ನಲ್ಲಿ, ಆಯೋಗ ಹೊಸ ನಿಯಮ ಪ್ರಕಟಿಸ್ತು. "ಡ್ಯೂಟಿಗೆ ಫಿಟ್ ಇದೀಯಾ" ಅನ್ನೋದು ಅದರ ತಿರುಳು. 1990ರ ಜನವರಿಯಿಂದ ಎಲ್ಲ ಅಣು ಸ್ಥಾವರಗಳಲ್ಲಿ ಜಾರಿ. ಕೆಲಸಕ್ಕೆ ಸೇರೋ ಮುಂಚೆ ಟೆಸ್ಟ್, ಅನುಮಾನ ಬಂದ್ರೆ ಟೆಸ್ಟ್, ಅವಘಡ ಆದ್ರೆ ಟೆಸ್ಟ್. ಇದೆಲ್ಲದರ ಮೇಲೆ ಯಾವಾಗ ಬೇಕಾದ್ರೂ, ಹೇಳದೇ ಕೇಳದೇ ಟೆಸ್ಟ್. ಗಾಂಜಾ, ಕೊಕೇನ್, ಅಫೀಮಿನ ಜಾತಿಯವು, ಆಂಫೆಟಮಿನ್, ಪಿಸಿಪಿ, ಜೊತೆಗೆ ಮದ್ಯ.

ಬಿಕಾಂ ಓದೋರಿಗೆ ಇದು ಗೊತ್ತಿರೋ ವಿಷಯವೇ. ಕ್ಯಾಶಿಯರ್ ಹತ್ರ ಸರ್ಪ್ರೈಸ್ ಚೆಕ್ ಮಾಡೋದು ಅವನು ಕಳ್ಳ ಅಂತಲ್ಲ. ಯಾವಾಗ ಬರ್ತಾರೋ ಗೊತ್ತಿಲ್ಲ ಅನ್ನೋದೇ ಕಂಟ್ರೋಲ್. ಮೊದಲು ವರ್ಷಕ್ಕೆ ಸಿಬ್ಬಂದಿ ಸಂಖ್ಯೆಯಷ್ಟೇ ಸರ್ಪ್ರೈಸ್ ಟೆಸ್ಟ್ ಮಾಡಬೇಕಿತ್ತು, ಅಂದ್ರೆ ನೂರಕ್ಕೆ ನೂರು. ಪಾಸಿಟಿವ್ ಬರ್ತಿದ್ದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಹಾಗಾಗಿ 1994ರಿಂದ ಅದನ್ನ ನೂರಕ್ಕೆ ಐವತ್ತಕ್ಕೆ ಇಳಿಸಿದ್ರು.

ಆದ್ರೆ ನನಗೆ ತಲೆ ಕೆಟ್ಟಿದ್ದು ಇಲ್ಲಿ. ಪೀಚ್ ಬಾಟಮ್‌ನಲ್ಲಿ ಸಿಕ್ಕಿಬಿದ್ದಿದ್ದು ಕುಡುಕರಲ್ಲ, ನಿದ್ದೆ ಮಾಡ್ತಿದ್ದವರು. ನಿದ್ದೆ ಯಾವ ಬಾಟಲೀಲೂ ಕಾಣಿಸಲ್ಲ.

ಕೆಲಸದ ಗಂಟೆ ಬಗ್ಗೆ 1982ರಲ್ಲೇ ಆಯೋಗದ ಸಲಹೆ ಇತ್ತು, ಆದ್ರೆ ಸಲಹೆ ಅಷ್ಟೇ. ಗಟ್ಟಿ ನಿಯಮ ಬಂದಿದ್ದು 2008ರಲ್ಲಿ: 24 ಗಂಟೇಲಿ 16 ಗಂಟೆಗಿಂತ ಜಾಸ್ತಿ ಇಲ್ಲ, 48 ಗಂಟೇಲಿ 26, ಏಳು ದಿನದಲ್ಲಿ 72. ಕೆಲಸಗಾರರ ದೇಹ ಪರೀಕ್ಷೆ ಮಾಡೋ ನಿಯಮ 1989ಕ್ಕೆ ಬಂತು. ಕಂಪನಿ ಹಾಕೋ ಶಿಫ್ಟ್ ಪರೀಕ್ಷೆ ಮಾಡೋ ನಿಯಮಕ್ಕೆ ಇನ್ನೂ 19 ವರ್ಷ ಬೇಕಾಯ್ತು.


ಪೋಸ್ಟ್ 6/8: ಗಸಗಸೆ ಪಾಯಸ

ಫೋಟೋ: ಅಜ್ಜಿ ಮಾಡಿದ ಗಸಗಸೆ ಪಾಯಸ. ಟಾಪಿಕ್ ಬಿಟ್ಟು ಹೋಗಿಲ್ಲ, ಓದಿ.

ಊದೋ ಮಿಷನ್ ಹೇಳೋದು "ಈಗ" ಬಗ್ಗೆ. ಕುಡಿದದ್ದು ಕೆಲವು ಗಂಟೇಲಿ ಇಳಿಯುತ್ತೆ, ಉಸಿರಲ್ಲೂ ಇಳಿಯುತ್ತೆ. ಮೂತ್ರದ ಟೆಸ್ಟ್ ಹೇಳೋದು "ಆವಾಗ" ಬಗ್ಗೆ. ಗಾಂಜಾ ಸೇದಿದ್ರೆ ನಶೆ ಇಳಿದು ಎಷ್ಟೋ ದಿನ ಆದ ಮೇಲೂ ಅದರ ಅಂಶ ಮೂತ್ರದಲ್ಲಿ ಸಿಗುತ್ತೆ. ದಿನಾ ಸೇದೋರಲ್ಲಿ ವಾರಗಟ್ಟಲೆ. ಅಂದ್ರೆ ಪಾಸಿಟಿವ್ ಬಂದ ಮನುಷ್ಯ ಈ ಕ್ಷಣ ನಶೆಯಲ್ಲಿದ್ದಾನೆ ಅಂತ ಆ ಟೆಸ್ಟ್ ಹೇಳಲ್ಲ.

ಇನ್ನು ಗಸಗಸೆ. ಅದು ಅಫೀಮು ಗಿಡದ್ದೇ ಬೀಜ. ಬೀಜದ ಮೇಲೆ ಮಾರ್ಫಿನ್‌ನ ಚೂರು ಅಂಟಿಕೊಂಡಿರಬಹುದು. ನಶೆ ಆಗೋಷ್ಟಲ್ಲ, ಆದ್ರೆ ಟೆಸ್ಟ್‌ನಲ್ಲಿ ಕಾಣಿಸೋಷ್ಟು. ಅಮೆರಿಕದಲ್ಲಿ ಗಸಗಸೆ ಹಾಕಿದ ಬನ್ ತಿಂದವರೂ ಹೆರಾಯಿನ್ ಲಿಸ್ಟಿಗೆ ಸೇರೋ ಪರಿಸ್ಥಿತಿ ಬಂತು. ಅದಕ್ಕೇ 1998ರಲ್ಲಿ ಅಲ್ಲಿನ ಕೇಂದ್ರ ಸರ್ಕಾರಿ ಕೆಲಸಗಾರರ ಟೆಸ್ಟ್‌ನಲ್ಲಿ ಈ ಮಿತಿಯನ್ನ ಒಂದು ಮಿಲಿಲೀಟರ್‌ಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದ್ರು. ಆದ್ರೂ 2023ರಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಅಂತ ಎಚ್ಚರಿಕೆ ಕೊಟ್ಟಿದೆ. ನಮ್ಮಜ್ಜಿ ಕೈಗೆ ಸಿಕ್ಕಿದ್ರೆ ಆ ಸೇನೆ ಕಥೆ ಮುಗೀತು.

ಈ ತರಹದ ತಪ್ಪು ಆಗುತ್ತೆ ಅಂತ ಗೊತ್ತಿರೋದ್ರಿಂದಲೇ ಅಮೆರಿಕದ ಅಣು ಸ್ಥಾವರದ ನಿಯಮದಲ್ಲಿ ಕೆಲವು ಬಾಗಿಲು ಇಟ್ಟಿದ್ದಾರೆ:

▪️ ಮೊದಲ ಟೆಸ್ಟ್ ಪಾಸಿಟಿವ್ ಬಂದ ಮಾತ್ರಕ್ಕೆ ತೀರ್ಪು ಇಲ್ಲ. ಬೇರೆ ವಿಧಾನದಲ್ಲಿ ಎರಡನೇ ಟೆಸ್ಟ್ ಆಗಲೇಬೇಕು.

▪️ ಡ್ರಗ್ಸ್ ವಿಷಯದಲ್ಲಿ ಒಬ್ಬ ಡಾಕ್ಟರ್ ಆ ಕೆಲಸಗಾರನ ಜೊತೆ ಮಾತಾಡಬೇಕು. ಯಾವ ಔಷಧಿ ತಗೊಂಡೆ, ಏನು ತಿಂದೆ ಅಂತ ಕೇಳಬೇಕು.

▪️ ಉಸಿರಿನ ಟೆಸ್ಟ್‌ಗೆ ಮುಂಚೆ ಬಾಯಿಗೆ ಏನಾದ್ರೂ ಹಾಕ್ಕೊಂಡಿದ್ರೆ 15 ನಿಮಿಷ ಕಾಯಬೇಕು. ಯಾಕಂದ್ರೆ ಬಾಯಲ್ಲಿ ಉಳಿದ ಆಲ್ಕೋಹಾಲು ಮಿಷನ್‌ಗೆ ಕುಡಿದ ಹಾಗೇ ಕಾಣುತ್ತೆ.

ಮೂರನೇದನ್ನ ಓದಿ ನಾನು ಫೋನ್ ಪಕ್ಕಕ್ಕಿಟ್ಟೆ. ಹದಿನೈದು ನಿಮಿಷ! ಅಪ್ಪ ಕೇಳಿದ್ದು ಅಷ್ಟೇ ಅಲ್ವಾ?


ಪೋಸ್ಟ್ 7/8: ನಮ್ಮ ದೇಶದ ಲೆಕ್ಕ

ಫೋಟೋ: ರಾತ್ರಿ, ಸೋಲದೇವನಹಳ್ಳಿ ರೈಲ್ವೆ ಸ್ಟೇಷನ್.

ಇಲ್ಲಿ ದಾಟಿ ಹೋಗೋ ಟ್ರೇನ್‌ನ ಲೋಕೋ ಪೈಲಟ್ ಕೂಡ ಡ್ಯೂಟಿಗೆ ಸೈನ್ ಮಾಡೋವಾಗ ಊದಿರ್ತಾರೆ. ನಾವು ಬೋಗೀಲಿ ನಿದ್ದೆ ಮಾಡೋದು ಆ ಒಂದು ಊದಿನ ನಂಬಿಕೆ ಮೇಲೂ ಹೌದು.

ರಸ್ತೆ ಮೇಲೆ: ಮೋಟಾರು ವಾಹನ ಕಾಯ್ದೆ ಸೆಕ್ಷನ್ 185 ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ರೆ ಕೇಸು. ಅಮೆರಿಕದ ಅಣು ಸ್ಥಾವರದಲ್ಲಿ ಮಿತಿ 40, ಆದ್ರೆ ಡ್ಯೂಟಿಗೆ ಬಂದು ಒಂದು ಗಂಟೆ ಆಗಿದ್ರೆ 30, ಎರಡು ಗಂಟೆ ಆಗಿದ್ರೆ 20 ಇದ್ರೂ ಪಾಸಿಟಿವ್. ಡ್ಯೂಟಿಗೆ ಐದು ಗಂಟೆ ಮುಂಚಿನಿಂದ ಕುಡಿಯೋ ಹಾಗಿಲ್ಲ.

ಆಕಾಶದಲ್ಲಿ: ನಮ್ಮ ಪೈಲಟ್‌ಗಳು ವಿಮಾನ ಹತ್ತೋಕೆ 12 ಗಂಟೆ ಮುಂಚಿನಿಂದ ಕುಡಿಯೋ ಹಾಗಿಲ್ಲ. ಟೆಸ್ಟ್‌ನಲ್ಲಿ ಸೊನ್ನೆ ಬರಬೇಕು. 2022ರ ಜನವರಿ 31ರಿಂದ ಪೈಲಟ್‌ಗಳಿಗೆ, ಏರ್ ಟ್ರಾಫಿಕ್ ಕಂಟ್ರೋಲರ್‌ಗಳಿಗೆ ಡ್ರಗ್ಸ್ ಟೆಸ್ಟ್ ಕೂಡ ಶುರುವಾಗಿದೆ, ವರ್ಷಕ್ಕೆ ನೂರಕ್ಕೆ ಹತ್ತು ಜನರಿಗೆ. 2023ರಲ್ಲಿ ಬಂದ ತಿದ್ದುಪಡಿಯಲ್ಲಿ ಆಲ್ಕೋಹಾಲ್ ಇರೋ ಮೌತ್‌ವಾಶ್ ಬಳಸಬೇಡಿ ಅಂತಾನೂ ಬರೆದಿದ್ದಾರೆ.

ನೋಡಿ, ಪೈಲಟ್‌ಗೆ ಮೌತ್‌ವಾಶ್ ಬಗ್ಗೆ ಮುಂಚೇನೇ ಬರವಣಿಗೇಲಿ ಹೇಳ್ತಾರೆ. ನಮ್ಮಪ್ಪನಂಥವರಿಗೆ ಸಿರಪ್ ಬಗ್ಗೆ ಯಾರೂ ಹೇಳಿರ್ಲಿಲ್ಲ. ಮಿಷನ್ ಎರಡೂ ಕಡೆ ಒಂದೇ. ಮಿಷನ್ ಸುತ್ತ ಇರೋ ನಿಯಮ ಬೇರೆ.


ಪೋಸ್ಟ್ 8/8: ಅಪ್ಪ ಏನಂದ್ರು

ಇಷ್ಟೆಲ್ಲ ಓದಿ ನಾನು ಒಂದು ಭಾನುವಾರ ಅಪ್ಪನಿಗೆ ಕೈಗಾ ಕಥೆಯಿಂದ ಗಸಗಸೆ ತನಕ ಹೇಳಿದೆ. ಈ ಟೆಸ್ಟೇ ಬೇಡ ಅಂತಾರೆ, ಅಂದುಕೊಂಡಿದ್ದೆ.

ಅಪ್ಪ ಅಂದಿದ್ದು: "ಟೆಸ್ಟ್ ಬೇಕಪ್ಪ. ನನ್ನ ಗಾಡೀಲಿ ಹನ್ನೆರಡು ಮಕ್ಕಳು ಕೂತಿರ್ತಾರೆ, ನಿನ್ನ ವಯಸ್ಸಿನೋರೇ. ರಾತ್ರಿ ಎರಡು ಗಂಟೆಗೆ ಹೆಸರಘಟ್ಟ ರೋಡಲ್ಲಿ ಕುಡಿದು ಓಡಿಸೋರನ್ನ ನಾನು ನೋಡಿದೀನಿ. ಊದಿಸ್ಲಿ. ಆದ್ರೆ ಎರಡನೇ ಸಲ ಊದೋಕೆ ಬಿಡ್ಲಿ."

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಹದಿನಾರು ಗಂಟೆ ಡ್ಯೂಟಿ ಮಾಡಿದ ದಿನ ನಿದ್ದೆ ಬರ್ತಿದೆಯಾ ಅಂತ ಯಾರೂ ಕೇಳಲ್ಲ ನೋಡು" ಅಂದ್ರು.

ನಾನು ಎಂಟು ಪೋಸ್ಟ್‌ನಲ್ಲಿ ಹೇಳೋಕೆ ಒದ್ದಾಡಿದ್ದನ್ನ ಅವರು ಟೀ ಕುಡೀತಾ ಹೇಳಿ ಮುಗಿಸಿದ್ರು.

ನಾಳೆ ನಮ್ಮಲ್ಲಿ ಕೆಲವರು ಎಚ್‌ಆರ್‌ನಲ್ಲಿ ಕೂರ್ತೀವಿ, ಕೆಲವರು ಆಡಿಟ್‌ಗೆ ಹೋಗ್ತೀವಿ. ಇಂಥ ನಿಯಮ ಬರೆಯೋ ಟೇಬಲ್ ಹತ್ರ ನಾವೂ ಇರಬಹುದು. ಆವತ್ತು ನೆನಪಿರಲಿ: ಎರಡನೇ ಟೆಸ್ಟ್‌ಗೆ ಜಾಗ ಇದೆಯಾ? ಔಷಧಿ ಬಗ್ಗೆ ಕೇಳೋರು ಇದ್ದಾರಾ? ಹತ್ತು ಜನರ ಮುಂದೆ ಹೇಳ್ತೀವಾ, ಪಕ್ಕಕ್ಕೆ ಕರೆದು ಹೇಳ್ತೀವಾ? ಶಿಫ್ಟ್ ಎಷ್ಟು ಗಂಟೆ? ಕೈಗಾದ ಬಾಟಲಿ ಕೇಳಿದ ಪ್ರಶ್ನೆಯನ್ನೂ ಗೇಟ್ ಹತ್ರ ಕೇಳೋಕೆ ಜಾಸ್ತಿ ಖರ್ಚೇನಿಲ್ಲ. ಒಂದು ಕುರ್ಚಿ, ಹದಿನೈದು ನಿಮಿಷ.

ನಿಮ್ಮನೇಲೂ ದಿನಾ ಊದೋರು, ಸ್ಯಾಂಪಲ್ ಕೊಡೋರು ಇದ್ರೆ ಅವರ ಅನುಭವ ಕಾಮೆಂಟ್‌ನಲ್ಲಿ ಬರೀರಿ. ಕಂಪನಿ ಹೆಸರು ಬೇಡ. ಸಿರಪ್ ಕುಡಿಯೋ ಡ್ರೈವರ್ ಅಣ್ಣಂದಿರಿಗೆ ಆರನೇ ಪೋಸ್ಟ್ ಫಾರ್ವರ್ಡ್ ಮಾಡಿ.

#ಸೋಲದೇವನಹಳ್ಳಿ #ಕೈಗಾ #ಇತಿಹಾಸ #ಬಿಕಾಂಹುಡುಗರು #ಅಪ್ಪ #ಕನ್ನಡದಲ್ಲೇಓದಿ